ಬಲಗಾಲು ಅಲ್ಲಾಡಿಸಬಾರದ ಆರು ತಾಸು

ಐವತ್ತು ವರ್ಷ ರಿಪ್ಪನ್‌ಪೇಟೆಯಲ್ಲಿ ಹೊಲಿಗೆ ಮಷಿನ್ ತುಳಿದವನು ನಾನು. ಹೊಲಿಗೆಯ ವಿಷಯದಲ್ಲಿ ಯಾರಾದರೂ ನನಗೇ ಪಾಠ ಹೇಳಲು ಬಂದರೆ ಮೈಯೆಲ್ಲ ಉರಿಯುತ್ತದೆ. ಆದರೂ ಹೊಸನಗರ ದಾಟಿ, ಹುಲಿಕಲ್ ಘಾಟಿ ಇಳಿದು ಹೋದ ಆ ದೊಡ್ಡ ಆಸ್ಪತ್ರೆಯಲ್ಲಿ, ಮೊನ್ನೆ ಮೊನ್ನೆ ಮೀಸೆ ಬಂದಂತಿದ್ದ ಡಾಕ್ಟರು ತೊಡೆಸಂದಿನ ರಕ್ತನಾಳವನ್ನು ಹೇಗೆ ಹೊಲಿಯುತ್ತಾರೆಂದು ಹಾಳೆಯ ಮೇಲೆ ಗೀಚಿ ತೋರಿಸಿದಾಗ ಕನ್ನಡಕ ಹಾಕಿಕೊಂಡು ಸುಮ್ಮನೆ ಕೂತೆ.

ನನ್ನ ಹೃದಯದ ಒಂದು ಕವಾಟ ಕಲ್ಲಿನಂತಾಗಿತ್ತು. ಅಂಗಡಿಯ ಮೂರು ಮೆಟ್ಟಿಲು ಹತ್ತುವುದರೊಳಗೆ ಕಣ್ಣು ಕತ್ತಲೆ ಬರುತ್ತಿತ್ತು. ಎದೆ ಸೀಳುವುದಿಲ್ಲವಂತೆ, ತೊಡೆಸಂದಿನಿಂದ ಸಣ್ಣ ನಳಿಗೆ ತೂರಿಸಿ ಹೊಸ ಕವಾಟ ಕೂರಿಸುತ್ತಾರಂತೆ. ಅದೆಲ್ಲ ನನ್ನ ತಲೆಗೆ ಹತ್ತಲಿಲ್ಲ. ಹತ್ತಿದ್ದು ಕೊನೆಯಲ್ಲಿ ತೂತು ಮುಚ್ಚುವ ಕೆಲಸ ಮಾತ್ರ.

"ದೊಡ್ಡ ತೂತು ಮಾಡುವ ಮೊದಲೇ ದಾರ ಹಾಕಿ ಇಟ್ಕೊಳ್ತೇವೆ. ಎಲ್ಲ ಮುಗಿದ ಮೇಲೆ ದಾರ ಎಳೆದ್ರೆ ಗಂಟು ಕೂತು ತೂತು ಮುಚ್ತದೆ" ಅಂದರು ಡಾಕ್ಟರು.

ಕತ್ತರಿ ಹಾಕುವ ಮೊದಲೇ ಹೊಲಿಗೆ! ಅಂಥ ಟೈಲರನನ್ನು ನಾನು ಈವರೆಗೆ ಕಂಡಿಲ್ಲ. ಆದರೆ ಯೋಚಿಸಿದರೆ, ಲಾಡಿ ಎಳೆದರೆ ಬಾಯಿ ಮುಚ್ಚುವ ಚೀಲವೂ ಅದೇ ತಾನೇ. "ಗಂಟು ಜಾರಿದ್ರೆ?" ಅಂತ ಕೇಳಿದೆ.

"ನೀವು ಬಲಗಾಲು ಆಡಿಸದಿದ್ರೆ ಜಾರೋದಿಲ್ಲ. ಆರು ತಾಸು ನೆಟ್ಟಗೆ ಮಲಗ್ಬೇಕು. ಗಂಟು ಬಿಟ್ಕೊಂಡು ರಕ್ತ ಹೋದ್ರೆ ತೊಡೆ ಕೊಯ್ದು ಸರಿ ಮಾಡ್ಬೇಕಾಗ್ತದೆ. ನಿಮ್ಮ ವಯಸ್ಸಿಗೆ, ಈ ಹೃದಯಕ್ಕೆ, ಅದು ತಡೆಯುದು ಕಷ್ಟ."

ಪಕ್ಕದಲ್ಲಿದ್ದ ನನ್ನ ಹೆಂಡತಿ ಬಾಯಿ ಹಾಕಿದಳು. "ಡಾಕ್ಟ್ರೇ, ಇವ್ರು ನಿದ್ದೇಲಿ ಮಷಿನ್ ತುಳೀತಾರೆ. ಯಾರಾದ್ರೂ ಕಾಲು ಹಿಡ್ಕೊಂಡೇ ಕೂರ್ಬೇಕು."

ಬಾಗಿಲಲ್ಲಿದ್ದ ನರ್ಸ್ ಹುಡುಗಿ ಕಿಸಕ್ಕನೆ ನಕ್ಕಳು. ನನ್ನ ಮಾನ ಹರಾಜಾಯಿತು. ಇದು ಮದುವೆಯಾದಾಗಿನಿಂದ ನನ್ನ ಹೆಂಡತಿ ಹಾಡುವ ಹಾಡು. ನಾನು ಒಂದು ದಿನವೂ ನಂಬಿದವನಲ್ಲ. ಮಲಗಿದರೆ ನಾನು ಮರದ ಕೊರಡು. "ಇವ್ಳ ಮಾತು ಕಟ್ಕೋಬೇಡಿ ಡಾಕ್ಟ್ರೇ, ಬಾಯಿಗೆ ಬಂದಿದ್ದು ಹೇಳ್ತಾಳೆ" ಅಂದೆ.

ಮರುದಿನ ಬೆಳಿಗ್ಗೆ ಕೆಲಸ ನಡೆಯಿತು. ಪೂರ್ತಿ ಎಚ್ಚರ ತಪ್ಪಿಸಿರಲಿಲ್ಲ, ಬರೀ ಮಂಪರು. ಎಲ್ಲರ ಮಾತೂ ಹೊಳೆಯಾಚೆ ಯಾರೋ ಆಡಿದಂತೆ ಕೇಳುತ್ತಿತ್ತು. ಕೊನೆಗೊಮ್ಮೆ ತೊಡೆಸಂದಿನಲ್ಲಿ ದಾರ ಎಳೆದು ಬಿಗಿದದ್ದು ನೋವಿಲ್ಲದೆಯೂ ತಿಳಿಯಿತು. ಗಂಟು ಕೂತಿತು ಅಂದುಕೊಂಡೆ. ಐವತ್ತು ವರ್ಷ ಗಂಟು ಹಾಕಿದವನಿಗೆ ಅಷ್ಟು ತಿಳಿಯದೇ?

ವಾರ್ಡಿಗೆ ತಂದ ಮೇಲೆ ಒಬ್ಬರು ಪಕ್ಕದಲ್ಲಿ ಕೂರಬಹುದು ಅಂದರು. ಹೆಂಡತಿ ಬಂದವಳೇ ನನ್ನ ಬಲಪಾದದ ಮೇಲೆ ಕೈಯಿಟ್ಟಳು. ಆಚೆ ಮಂಚದವರು, ಅವರ ಕಡೆಯವರು, ಆ ನರ್ಸ್ ಹುಡುಗಿ, ಎಲ್ಲರ ಕಣ್ಣೂ ನಮ್ಮ ಮೇಲೆ.

"ಎಲ್ರೂ ನೋಡ್ತಿದಾರೆ ಮಾರಾಯ್ತಿ, ಕೈ ತೆಗಿ. ಹೋಗಿ ಊಟ ಮಾಡ್ಕೊಂಡು ಬಾ."

"ನೀವು ನಿದ್ದೆ ಮಾಡ್ಬಿಟ್ರೆ?"

"ಮಾಡೋದಿಲ್ಲ, ಹೋಗು ಅಂದ್ನಲ್ಲ!"

ಅವಳು ಎದ್ದು ಹೋದಳು. ಫ್ಯಾನು ಮೆಲ್ಲಗೆ ತಿರುಗುತ್ತಿತ್ತು. ಅದನ್ನೇ ನೋಡುತ್ತಾ ನಾನು ಹಿನ್ನೀರು ದಾಟಿಸುವ ತುಮರಿ ಲಾಂಚಿನಲ್ಲಿದ್ದೆ.

ಪ್ರಾಯದಲ್ಲಿ ಮದುವೆ ಬಟ್ಟೆ ಹೊಲಿಯಲು ಮಷಿನನ್ನೇ ಲಾಂಚಿಗೆ ಹೇರಿಕೊಂಡು ತುಮರಿಗೆ ಹೋಗುತ್ತಿದ್ದೆ. ಈಗ ಅಲ್ಲಿ ಸೇತುವೆ ಬಂದಿದೆ. ಕನಸಿನಲ್ಲಿ ಸೇತುವೆ ಇರಲಿಲ್ಲ. ಹಿನ್ನೀರು ಇಸ್ತ್ರಿ ಮಾಡಿ ಹಾಸಿದ ಬಟ್ಟೆಯಂತಿತ್ತು, ಒಂದು ಸುಕ್ಕೂ ಇಲ್ಲ. ಲಾಂಚಿಗೆ ಇಂಜಿನ್ ಇರಲಿಲ್ಲ. ನಾನು ಮಷಿನ್ ತುಳಿದರೆ ಅದು ಮುಂದೆ ಹೋಗುತ್ತಿತ್ತು. ನನಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಆಚೆ ದಡದಲ್ಲಿ ಹಸಿರು ರವಿಕೆಯ ಹುಡುಗಿಯೊಬ್ಬಳು ನಿಂತಿದ್ದಳು. ಅವಳ ಅಕ್ಕನ ಮದುವೆಗೆ ನಾನೇ ಹೊಲಿದ ರವಿಕೆ. ತೋಳು ಒಂದು ಬೆರಳು ಬಿಗಿಯಾಯಿತೆಂದು, ನನ್ನನ್ನು ಕಟ್ಟಿಕೊಂಡ ಮೇಲೂ, ಇವತ್ತಿಗೂ ಆಡಿಕೊಳ್ಳುತ್ತಾಳೆ. ಅವಳನ್ನು ಮುಟ್ಟಬೇಕೆಂದು ತುಳಿದೆ. ತುಳಿದಷ್ಟೂ ದಡ ದೂರ. ಇನ್ನೂ ಜೋರಾಗಿ ತುಳಿದೆ. ಲಾಂಚಿನೊಳಗೆ ನೀರು ಬರತೊಡಗಿತು, ಬೆಚ್ಚಗಿನ ನೀರು, ತೊಡೆಯವರೆಗೆ.

"ಅಜ್ಜಾ! ಕಾಲು! ಕಾಲು ಆಡಿಸ್ಬೇಡಿ!"

ಕಣ್ಣು ಬಿಟ್ಟರೆ ಆ ನರ್ಸ್ ಹುಡುಗಿ ಮಂಚಕ್ಕೇ ಮೊಣಕಾಲೂರಿ, ಎರಡೂ ಅಂಗೈಯಿಂದ ನನ್ನ ತೊಡೆಸಂದನ್ನು ಒತ್ತಿ ಹಿಡಿದಿದ್ದಳು. ಹಾಸಿಗೆ ಕೆಂಪಾಗಿತ್ತು. ಡಾಕ್ಟರು ಓಡಿ ಬಂದರು, ಪಾದದ ನಾಡಿ ಮುಟ್ಟಿ ನೋಡಿದರು. "ಅರ್ಧ ಗಂಟೆ ಒತ್ತಿ ಹಿಡೀರಿ. ನಿಲ್ಲದಿದ್ರೆ ಒಳಗೆ ತಗೊಂಡು ಹೋಗಿ ಕೊಯ್ಯುದೇ" ಅಂದರು.

ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ನನ್ನದೇ ಗುಣ ನನ್ನನ್ನು ಮುಗಿಸಲು ಹೊರಟಿತ್ತು. ಹೆದರಿದೆ. ಎಪ್ಪತ್ತಾರು ವರ್ಷದಲ್ಲಿ ಅಷ್ಟು ಹೆದರಿದ್ದು ನೆನಪಿಲ್ಲ. ಅದಕ್ಕಿಂತ ಹೆದರಿಕೆ ಅಂದರೆ, ಮಂಪರು ಇನ್ನೂ ಇಳಿದಿರಲಿಲ್ಲ. ರೆಪ್ಪೆ ಮುಚ್ಚಿದರೆ ಸಾಕು ಲಾಂಚು ಬರುತ್ತಿತ್ತು, ಪಾದ ಮತ್ತೆ ಮಿಡುಕುತ್ತಿತ್ತು. "ಅಜ್ಜಾ, ನಿದ್ದೆ ಮಾಡ್ಬೇಡಿ ಮಾರ್ರೆ" ಅಂತ ಆ ಹುಡುಗಿ ಅಳುದನಿಯಲ್ಲಿ ಬೇಡುತ್ತಿದ್ದಳು. ನನ್ನ ಕೈಯಲ್ಲಿ ಏನಿತ್ತು?

ಆಗ ಊಟಕ್ಕೆ ಹೋಗಿದ್ದ ನನ್ನ ಹೆಂಡತಿ ಬಂದಳು. ಬೈಯುತ್ತಾಳೆ ಅಂದುಕೊಂಡೆ, ಬೈಯಲಿಲ್ಲ. ಮಂಚದ ಕಾಲ್ದೆಸೆಯಲ್ಲಿ ಕೂತು ಅಂಗೈಯನ್ನು ನನ್ನ ಪಾದದ ಮೇಲಿಟ್ಟು, ಹೆಬ್ಬೆರಳನ್ನು ಹಿಮ್ಮಡಿಯ ಮೇಲಿನ ಹರಡಿನ ಗುಳಿಗೆ ಮೆತ್ತಗೆ ಒತ್ತಿದಳು. ಪಾದ ನಿಂತಿತು. ಹೇಳಿದ ಮಾತು ಕೇಳಿದ ಹಾಗೆ ನಿಂತಿತು. ಆ ಕೈ, ಆ ಹೆಬ್ಬೆರಳಿನ ಜಾಗ, ಆ ಭಾರ, ಯಾವುದೂ ನನ್ನ ಕಾಲಿಗೆ ಹೊಸದಾಗಿರಲಿಲ್ಲ. ಕಾಲಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

"ದಿನಾ ಹೀಗೇ ಹಿಡೀತಿದ್ಯಾ?" ನಾಲಿಗೆ ತೊದಲುತ್ತಿತ್ತು.

"ಮತ್ತೆಂತ ಮಾಡ್ಲಿ? ಎದ್ದು ಕೂತು ಹಿಡೀತಿದ್ದೆ. ಸ್ವಲ್ಪ ಹೊತ್ತಿಗೆ ನಿಲ್ತಿತ್ತು."

"ಹೇಳೋದಲ್ವಾ?"

"ಹೇಳಿದ್ನಲ್ಲ. ನೀವು ನಂಬಿದ್ರಾ?"

ನನಗೆ ಅಳು ಬಂತು. ಅತ್ತರೆ ಹೊಟ್ಟೆ ಅಲುಗುತ್ತದೆ, ಗಂಟು ಜಾರುತ್ತದೆ ಅಂತ ಅದನ್ನೂ ನುಂಗಿಕೊಂಡೆ. ಕಣ್ಣು ಮಾತ್ರ ಸುರಿಯಿತು. ಅವಳು ಒಂದು ಕೈಯಲ್ಲಿ ಸೆರಗು ಹಿಡಿದು ಒರೆಸಲು ನೋಡಿದಳು, ನಿಲುಕಲಿಲ್ಲ. ಕಾಲು ಬಿಟ್ಟು ಬರಲೂ ಇಲ್ಲ.

ಆಮೇಲೆ ನಿದ್ದೆ ಬಂದೇಬಿಟ್ಟಿತು. ಲಾಂಚು ತಾನಾಗಿ ಹೋಗುತ್ತಿತ್ತು. ತುಳಿಯುವ ಕೆಲಸ ಇರಲಿಲ್ಲ. ಹಸಿರು ರವಿಕೆಯವಳು ಆಚೆ ದಡದಲ್ಲಿ ಇರಲಿಲ್ಲ, ನನ್ನೆದುರು ಹಲಗೆಯ ಮೇಲೆ ಕೂತು ಕಾಜಾ ಹಾಕುತ್ತಿದ್ದಳು.

ಎದ್ದಾಗ ಕಿಟಕಿಯಲ್ಲಿ ಸಂಜೆಯ ಕೊನೆಯ ಬಿಸಿಲಿತ್ತು. ರಕ್ತ ಅರ್ಧ ಗಂಟೆಯೊಳಗೇ ನಿಂತಿತ್ತಂತೆ, ಗಂಟು ಹಿಡಿದಿತ್ತಂತೆ. ಆದರೆ ಆರು ತಾಸಿನ ಲೆಕ್ಕ ಆಗಿನಿಂದ ಮತ್ತೆ ಶುರು ಮಾಡಿದ್ದರಂತೆ. ಅಷ್ಟೂ ಹೊತ್ತು ಅವಳು ಕೂತಿದ್ದ ಕಡೆಯಿಂದ ಎದ್ದಿರಲಿಲ್ಲ ಅಂತ ಆಚೆ ಮಂಚದವರು ಹೇಳಿದರು.

ನರ್ಸ್ ಹುಡುಗಿ ಬಂದು ಪಟ್ಟಿ ನೋಡಿ ನಕ್ಕಳು. "ಆರು ತಾಸು ಆಯ್ತು ಅಜ್ಜ, ಇನ್ನು ಕಾಲು ಮಡಚಬಹುದು. ಅಜ್ಜೀ, ನೀವು ಕೈ ತೆಗೀರಿ, ಪಾಪ ಮರಗಟ್ಟಿ ಹೋಗಿರ್ತದೆ."

ಅವಳು ಕೈ ಎತ್ತಿದಳು. ವಾರ್ಡಿನವರೆಲ್ಲ ನಮ್ಮನ್ನೇ ನೋಡುತ್ತಿದ್ದರು.

"ಇನ್ನೊಂದು ಸ್ವಲ್ಪ ಹೊತ್ತು ಹಾಗೇ ಇರ್ಲಿ" ಅಂದೆ.