ದೀಪ ಹಚ್ಚಿದ ಮೇಲೆ ಹೆಪ್ಪು

ಅಮ್ಮನ ಶ್ರದ್ಧಾಂಜಲಿ ಸಭೆಗೆ ಭದ್ರಾವತಿಯ ಮಹಿಳಾ ಮಂಡಳಿಯವರು ಆಳೆತ್ತರದ ಫ್ಲೆಕ್ಸ್ ಮಾಡಿಸಿದ್ದರು. ಯಾವುದೋ ದೇಶದ ಜಲಪಾತದ ಮುಂದೆ ಅಮ್ಮ ನಗುತ್ತಿದ್ದಳು. ಕೆಳಗೆ 'ತ್ಯಾಗಮಯಿ ತಾಯಿ, ಆದರ್ಶ ಗೃಹಿಣಿ, ಸಮಾಜ ಸೇವಕಿ' ಎಂದು ಬರೆದಿತ್ತು. ಮಾತಾಡಿದವರೆಲ್ಲ ಅವಳು ಹೊಲಿಗೆ ಕಲಿಸಿದ್ದನ್ನು, ಪೋಲಿಯೊ ಹನಿ ಹಾಕಿಸಲು ಮನೆಮನೆ ಸುತ್ತಿದ್ದನ್ನು, ಬಾಣಂತಿ ಇದ್ದ ಮನೆಗೆಲ್ಲ ಮೆಣಸಿನ ಸಾರು ಹೊತ್ತುಕೊಂಡು ಹೋದದ್ದನ್ನು ಹೇಳಿದರು. ಎಲ್ಲವೂ ನಿಜ. ಆಮೇಲೆ, ನಮ್ಮ ಕ್ವಾರ್ಟರ್ಸಿನ ಹಿಂದಿನ ಓಣಿಯಲ್ಲಿದ್ದ ಕ್ರೇನ್ ಆಪರೇಟರ್, ಈಗ ಕೋಲೂರಿಕೊಂಡು ನಡೆಯುವ ಮುದುಕ, ಫೋಟೊಗೆ ಹಾರ ಹಾಕಿ, "ನಮ್ ಪಾಲಿಗೆ ತಾಯಿ ಇದ್ದಂಗೆ ಇದ್ರು" ಎಂದು ಕಣ್ಣೊರೆಸಿಕೊಂಡ.

ನನಗೆ ಆ ಕೋಲು ಕಿತ್ತುಕೊಂಡು ಅದರಿಂದಲೇ ನಾಲ್ಕು ಬಾರಿಸಬೇಕು ಅನ್ನಿಸಿತು. ಸುಮ್ಮನೆ ಬರೆಯುತ್ತಿಲ್ಲ, ಕುರ್ಚಿಯಿಂದ ಎದ್ದೂ ಇದ್ದೆ. ಮಾತಾಡಲು ಎದ್ದೆನೆಂದು ತಪ್ಪು ತಿಳಿದ ಯಾರೋ ಮೈಕನ್ನು ನನ್ನ ಕೈಗಿಟ್ಟರು. "ನಮ್ಮಮ್ಮ ತುಂಬಾ ಮೃದು ಸ್ವಭಾವದವರು" ಎಂದಷ್ಟೇ ಹೇಳಿ ಕೂತುಬಿಟ್ಟೆ. ನನ್ನಂಥ ಹೇಡಿ ಇನ್ನೊಬ್ಬಳಿರಲಿಕ್ಕಿಲ್ಲ.

ಅಮ್ಮನ ದೇಹಕ್ಕೆ ಸ್ನಾನ ಮಾಡಿಸಿದ ದಿನವೂ ಹೀಗೇ ಆಗಿತ್ತು. ಅವಳ ಬಲಗೈಯ ಎರಡು ಬೆರಳು ಎಷ್ಟು ಒತ್ತಿದರೂ ನೆಟ್ಟಗಾಗಲಿಲ್ಲ. ನೀರು ಹಾಕುತ್ತಿದ್ದ ಸಂಬಂಧಿಕರ ಹುಡುಗಿ, "ಅಜ್ಜಿಗೆ ಸಂಧಿವಾತ ಇತ್ತಾ?" ಎಂದು ಕೇಳಿದಳು. ಬಾಗಿಲಾಚೆ ಕೂತಿದ್ದ ಅಪ್ಪ, "ಹ್ಞೂಂ, ಸಂಧಿವಾತ" ಎಂದ. ಆಗಲೂ ನಾನು ಬಾಯಿ ಬಿಡಲಿಲ್ಲ. ಅದಕ್ಕೇ ಈಗ ಶಿವಮೊಗ್ಗದ ನನ್ನ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅಮ್ಮನಿಗೆ ಸಂಧಿವಾತ ಇರಲಿಲ್ಲ.

ನಾವಿದ್ದದ್ದು ಭದ್ರಾವತಿಯಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಒಂದಕ್ಕೊಂದು ಅಂಟಿಕೊಂಡ ಮನೆಗಳು, ನಡುವೆ ಒಂದೇ ಗೋಡೆ. ಪಕ್ಕದ ಮನೆಯ ಒಗ್ಗರಣೆಗೆ ನಮಗೆ ಸೀನು ಬರುತ್ತಿತ್ತು. ಹೊಡೆತದ ಸದ್ದೂ ಹಾಗೇ ಬರುತ್ತಿತ್ತು. ತಲೆ ಗೋಡೆಗೆ ಬಡಿದರೆ ಒಂದು ಸದ್ದು, ಬೆನ್ನು ಬಡಿದರೆ ಇನ್ನೊಂದು. ಹತ್ತು ವರ್ಷಕ್ಕೇ ನನಗೆ ವ್ಯತ್ಯಾಸ ಗೊತ್ತಿತ್ತು. ಶಿಫ್ಟ್ ಮುಗಿಸಿ, ಅಂಗಡಿ ಹೊಕ್ಕು, ಕುಡಿದು ಬಂದವನು ಸಾರಿಗೆ ಉಪ್ಪು ಹೆಚ್ಚಾಯಿತೆಂದು ಹೊಡೆಯುತ್ತಿದ್ದ. ಕುಡಿಯದವನು ಉಪ್ಪು ಕಡಿಮೆಯಾಯಿತೆಂದು ಹೊಡೆಯುತ್ತಿದ್ದ. ಸದ್ದು ಕೇಳಿದ ಕೂಡಲೇ ಓಣಿಯ ಟಿವಿಗಳ ಸದ್ದು ಒಂದೊಂದಾಗಿ ಏರುತ್ತಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂಬ ಗಾದೆ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತಿತ್ತು. ಆ ಗಾದೆ ಕಟ್ಟಿದವನಿಗೆ ಯಾರೂ ಯಾವತ್ತೂ ಹೊಡೆದಿರಲಿಕ್ಕಿಲ್ಲ.

ಅಮ್ಮ ಟಿವಿ ಜೋರು ಮಾಡುತ್ತಿರಲಿಲ್ಲ. ಸೆರಗು ಸಿಕ್ಕಿಸಿ, ಒಂದು ಸ್ಟೀಲಿನ ಬಟ್ಟಲು ತೆಗೆದುಕೊಂಡು, ನನ್ನ ಕೈ ಹಿಡಿದು ಹೊರಡುತ್ತಿದ್ದಳು. ಸದ್ದು ಬರುತ್ತಿದ್ದ ಮನೆಯ ಹೊಸ್ತಿಲಲ್ಲಿ ನಿಂತು, ಏನೂ ಕೇಳಿಸದವಳ ಹಾಗೆ, "ಮನೇಲಿದೀರೇನ್ರೀ? ಒಂಚೂರು ಹೆಪ್ಪು ಕೊಡ್ತೀರಾ?" ಎಂದು ಕೂಗುತ್ತಿದ್ದಳು.

ದೀಪ ಹಚ್ಚಿದ ಮೇಲೆ ಹೆಪ್ಪು ಕೇಳಬಾರದು, ಕೊಡಲೂಬಾರದು. ಮೊಸರಿನ ಜೊತೆ ಲಕ್ಷ್ಮಿಯೂ ಹೊರಟುಹೋಗುತ್ತಾಳೆಂದು ಎಲ್ಲರಿಗೂ ಗೊತ್ತು. ನಮ್ಮ ಮನೆಗೆ ಯಾರಾದರೂ ಆ ಹೊತ್ತಿನಲ್ಲಿ ಬಂದು ಕೇಳಿದರೆ ಅಮ್ಮನೇ, "ಬೆಳಿಗ್ಗೆ ಬಾ ಮಾರಾಯ್ತಿ" ಎಂದು ಕಳಿಸುತ್ತಿದ್ದಳು. ತಾನು ಮಾತ್ರ ಬೇಕೆಂದೇ ಕೇಳುತ್ತಿದ್ದಳು. ಹೆಂಡತಿಗೆ ಯಾಕೆ ಹೊಡೀತೀಯ ಎಂದು ಕೇಳಿದರೆ, ನೀನ್ಯಾವಳು ಕೇಳೋಕೆ ಎನ್ನುವ ಉತ್ತರ ಗಂಡಸಿನ ನಾಲಿಗೆಯ ತುದಿಯಲ್ಲೇ ಇರುತ್ತದೆ. ಹೆಪ್ಪು ಕೇಳಿದರೆ ಅವನ ಹತ್ತಿರ ಉತ್ತರವಿಲ್ಲ. ಅದು ಹೆಂಗಸರ ವ್ಯವಹಾರ. ಹೊಡೆಸಿಕೊಂಡವಳು ಎದ್ದು ಬಂದು ಇಲ್ಲವೆನ್ನಬೇಕು, ಇಲ್ಲವೆ ಶಾಸ್ತ್ರ ಮುರಿದು ಕೊಡಬೇಕು. ಅವಳು ಏಳಬೇಕಾದರೆ ಅವನು ಜುಟ್ಟು ಬಿಡಲೇಬೇಕು. "ಹೊತ್ತು ಗೊತ್ತು ಇಲ್ವೇನಮ್ಮ ನಿಂಗೆ?" ಎಂದು ಅವನು ಅಮ್ಮನಿಗೆ ಬೈಯುತ್ತಿದ್ದ. ಬೈದಷ್ಟೂ ಅವನ ಕೋಪ ಇಳಿಯುತ್ತಿತ್ತು. ಅಮ್ಮ ನಲ್ಲಿ ನೀರಿನ ವಿಷಯ, ಮಗುವಿನ ಕೆಮ್ಮಿನ ವಿಷಯ ತೆಗೆದು ಕಾಲುಗಂಟೆ ಅಲ್ಲೇ ನಿಲ್ಲುತ್ತಿದ್ದಳು. ಅಡುಗೆಮನೆಯ ಕತ್ತಲಲ್ಲಿ ಆ ಹೆಂಗಸಿನ ತಲೆ, ಪಕ್ಕೆಲುಬು ಮುಟ್ಟಿ ನೋಡುತ್ತಿದ್ದಳು. ಮೂಳೆ ಮುರಿದಿದ್ದರೆ ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದಳು. ತಮಿಳರ ಮನೆಯಾದರೂ, ಸಾಬರ ಮನೆಯಾದರೂ, ನಮ್ಮವರ ಮನೆಯಾದರೂ ಅದೇ ಬಟ್ಟಲು, ಅದೇ ಮಾತು.

ನನ್ನನ್ನು ಕರೆದುಕೊಂಡು ಹೋಗುತ್ತಿದ್ದದ್ದು, ಮಗುವಿನ ಎದುರು ಗಂಡಸರು ಪರಸ್ತ್ರೀಯ ಮೇಲೆ ಕೈ ಮಾಡಲು ಹಿಂಜರಿಯುತ್ತಾರೆ ಎಂದು. ಇದನ್ನು ಅಮ್ಮ ನನಗೆ ಹೇಳಿರಲಿಲ್ಲ. ಹೇಳಿದ್ದರೆ ನಾನು ಆ ತಪ್ಪು ಮಾಡುತ್ತಿರಲಿಲ್ಲ.

ಅವತ್ತು ಕ್ರೇನ್ ಆಪರೇಟರ್ ಹೆಂಡತಿಯನ್ನು ಸೈಕಲ್ ಪಂಪಿನಿಂದ ಹೊಡೆಯುತ್ತಿದ್ದ. ಅವರು ತಮಿಳಿನವರು, ನನಗೆ ಮುರುಕು ಕೊಡುತ್ತಿದ್ದ ಆಂಟಿ. ನಾವು ಹೊಸ್ತಿಲಿಗೆ ಹೋದಾಗ ಅವರು ನೆಲದ ಮೇಲೆ ಮುದುಡಿಕೊಂಡು ತಲೆಗೆ ಕೈ ಅಡ್ಡ ಹಿಡಿದಿದ್ದರು. ಪಂಪು ಆ ಕೈಯ ಮೇಲೆ ಬಿತ್ತು. ಒಣ ಸೌದೆ ಮುರಿದಂತೆ ಸದ್ದಾಯಿತು.

"ಒಂಚೂರು ಹೆಪ್ಪು ಕೊಡ್ತೀರಾ?" ಎಂದಳು ಅಮ್ಮ. ಧ್ವನಿ ನಡುಗಲಿಲ್ಲ.

ಅವನು ಬೆವರುತ್ತಾ ಬಾಗಿಲಿಗೆ ಬಂದ. "ಏನಮ್ಮಾ, ಯಾವಾಗ್ ನೋಡಿದ್ರೂ ಹೆಪ್ಪು ಹೆಪ್ಪು ಅಂತೀರಾ! ನಿಮ್ಮನೇಲಿ ಮೊಸರೇ ಇರಲ್ವಾ?"

"ಇತ್ತು ಕಣಪ್ಪ. ಬೆಕ್ಕು ಕುಡೀತು."

ನನಗೆ ಅವಮಾನವಾಯಿತು. ನಮ್ಮ ಮನೆಯ ಮೊಸರು ಓಣಿಯಲ್ಲೇ ಗಟ್ಟಿ ಮೊಸರು, ಅದರ ಬಗ್ಗೆ ನನಗೆ ಜಂಬವಿತ್ತು. ಸುಳ್ಳು ಹೇಳಬಾರದೆಂದು ಶಾಲೆಯಲ್ಲಿ ದಿನಾ ಬರೆಸುತ್ತಿದ್ದರು. "ಇಲ್ಲ ಅಂಕಲ್, ದೊಡ್ಡ ಪಾತ್ರೆ ತುಂಬಾ ಮೊಸರಿದೆ. ನಮ್ಮನೇಲಿ ಬೆಕ್ಕೇ ಇಲ್ಲ" ಎಂದೆ.

ಅವನು ನನ್ನನ್ನು ನೋಡಿದ, ಬಟ್ಟಲನ್ನು ನೋಡಿದ, ಅಮ್ಮನನ್ನು ನೋಡಿದ. ಎಷ್ಟೋ ಸಂಜೆಗಳ ಲೆಕ್ಕ ಅವನಿಗೆ ಒಮ್ಮೆಲೇ ಹತ್ತಿತು. ಅಮ್ಮನ ಬಲಗೈ ಬಾಗಿಲ ಚೌಕಟ್ಟಿನ ಮೇಲಿತ್ತು. ಅವನಿಗೆ ಅದು ಕಾಣುತ್ತಿತ್ತು. ಕಂಡೇ, ಎರಡೂ ಕೈಯಿಂದ ಬಾಗಿಲನ್ನು ಬಡಿದ.

ಅಮ್ಮ ಕೂಗಿದ ರೀತಿಯನ್ನು ನಾನು ಅದಕ್ಕಿಂತ ಮೊದಲಾಗಲೀ ಆಮೇಲಾಗಲೀ ಕೇಳಿಲ್ಲ. ಅವನು ಬಾಗಿಲು ಕೊಂಚ ಸರಿಸಿ, ಅವಳ ಬೆರಳನ್ನು ಹೊರಕ್ಕೆ ತಳ್ಳಿ, ಚಿಲಕ ಹಾಕಿಕೊಂಡ. ಒಳಗೆ ಮತ್ತೆ ಪಂಪಿನ ಸದ್ದು ಶುರುವಾಯಿತು. ರಕ್ತ ಅಮ್ಮನ ಮೊಣಕೈವರೆಗೆ ಇಳಿದಿತ್ತು. ಅವಳು ಎಡಗೈಯಲ್ಲಿದ್ದ ಬಟ್ಟಲಿನಿಂದ ಬಾಗಿಲಿಗೆ ಬಡಿಯತೊಡಗಿದಳು. ಬಟ್ಟಲು ನಗ್ಗಿತು, ಅವಳು ನಿಲ್ಲಿಸಲಿಲ್ಲ. ಓಣಿಯ ಪರದೆಗಳ ಹಿಂದೆ ತಲೆಗಳು ಕಂಡವು, ಒಬ್ಬರೂ ಹೊರಗೆ ಬರಲಿಲ್ಲ. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಕೊನೆಗೆ ಅವನೇ ಬಾಗಿಲು ತೆಗೆದು, ಅಮ್ಮನನ್ನು ದೂಡಿ, ಸೈಕಲ್ ಹತ್ತಿ ಹೋದ. ಅಮ್ಮ ಒಳಗೆ ಹೋಗಿ ಆಂಟಿಯನ್ನು ಕೂರಿಸಿ, ಹಣೆಗೆ ಸೆರಗು ಒತ್ತಿ, "ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ರೆಡಿಯಾಗಿರಿ" ಎಂದಳು.

ದಾರಿಯಲ್ಲಿ ಅಮ್ಮ ನನಗೆ ಬೈಯಲಿಲ್ಲ. ಒಂದು ಏಟು ಹೊಡೆದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಸುದ್ದಿ ನಮಗಿಂತ ಮೊದಲೇ ಮನೆ ಸೇರಿತ್ತು. ಅಪ್ಪ ಬಾಗಿಲಲ್ಲೇ ಕಾಯುತ್ತಿದ್ದ. ಕಾರ್ಖಾನೆಯಲ್ಲಿ ಒಳ್ಳೆಯ ಮನುಷ್ಯನೆಂದು ಹೆಸರಿದ್ದವನು, ಬೀಡಿ ಕೂಡ ಸೇದದವನು. ಹೆಂಡತಿಯ ಕೈ ಜಜ್ಜಿದವನನ್ನು ಹುಡುಕಿಕೊಂಡು ಹೋಗುತ್ತಾನೆ ಎಂದುಕೊಂಡೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಅಮ್ಮ ಬಟ್ಟಲನ್ನು ಮೆಟ್ಟಿಲ ಮೇಲಿಟ್ಟು ಒಳಗೆ ಕಾಲಿಟ್ಟ ಕೂಡಲೇ ಅಪ್ಪ ಅವಳ ಕೆನ್ನೆಗೆ ಬಾರಿಸಿದ. "ಊರಿಗೆ ಉಪಕಾರಿ, ಮನೆಗೆ ಮಾರಿ! ನಾಳೆ ಡಿಪಾರ್ಟ್‌ಮೆಂಟಲ್ಲಿ ನಾನ್ ಹೆಂಗ್ ಮುಖ ಎತ್ಲಿ?" ಎನ್ನುತ್ತಾ ಬೆಲ್ಟು ಬಿಚ್ಚಿದ. ಇದು ಮೊದಲ ಸಲವಲ್ಲ. ನಮ್ಮ ಮನೆಯಲ್ಲೂ ಗೋಡೆಗೆ ಬೆನ್ನು ಬಡಿದ ಸದ್ದು ಆಗುತ್ತಿತ್ತು, ಪಕ್ಕದ ಮನೆಯ ಟಿವಿ ಜೋರಾಗುತ್ತಿತ್ತು. ಅಮ್ಮ ಜಜ್ಜಿದ ಕೈಯನ್ನು ಎದೆಗೆ ಅವುಚಿಕೊಂಡು ಮೂಲೆಯಲ್ಲಿ ಕುಸಿದಳು. ಬೆಲ್ಟಿನ ಬಕಲು ಅವಳ ಕಿವಿಯ ಹಿಂದೆ ಬಿತ್ತು. ಅವನು ಇವತ್ತು ಅವಳನ್ನು ಕೊಂದೇ ಬಿಡುತ್ತಾನೆ ಅನ್ನಿಸಿತು ನನಗೆ. ಎಲ್ಲರ ಬಾಗಿಲಿಗೂ ಹೋಗುವವಳು ಇವಳೊಬ್ಬಳೇ, ಇವಳ ಬಾಗಿಲಿಗೆ ಬರುವವರು ಯಾರೂ ಇಲ್ಲ ಎಂಬುದು ಆಗ ಹೊಳೆಯಿತು.

ಹೊರಗೆ ಓಡಿದೆ. ನಗ್ಗಿದ ಬಟ್ಟಲು ಮೆಟ್ಟಿಲ ಮೇಲಿತ್ತು. ಅದನ್ನೆತ್ತಿಕೊಂಡು, ನಮ್ಮದೇ ಮನೆಯ ಹೊಸ್ತಿಲಿನ ಆಚೆ ನಿಂತು, ಅಮ್ಮ ಹೇಳುತ್ತಿದ್ದ ಹಾಗೇ ಹೇಳಿದೆ: "ಮನೇಲಿದೀರೇನ್ರೀ? ಒಂಚೂರು ಹೆಪ್ಪು ಕೊಡ್ತೀರಾ?"

ಅಪ್ಪನ ಕೈ ನಿಂತಿತು. "ಏಯ್, ಒಳಗೆ ಬಾರೇ! ನಾಟಕ ಆಡ್ತೀಯಾ?"

ಮತ್ತೆ ಕೇಳಿದೆ. ಅವನು ಬಂದು ಹೊಡೆದ ಏಟಿಗೆ ಬಟ್ಟಲು ಹಾರಿ ಓಣಿಗೆ ಬಿತ್ತು, ಕಿವಿ ಗುಂಯ್ ಎಂದಿತು. ಮೂರನೆಯ ಸಲ ಕೇಳಲು ಬಾಯಿ ತೆರೆದೆ, ಅಳುವಿನಲ್ಲಿ ಮಾತು ಹೊರಡಲಿಲ್ಲ.

"ಅಕ್ಕಾ, ನಮ್ಗೂ ಸ್ವಲ್ಪ ಹೆಪ್ಪು ಬೇಕು."

ಹಿಂದೆ ತಮಿಳಿನ ಆಂಟಿ ನಿಂತಿದ್ದರು. ಮುರಿದ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದರು, ಹಣೆಯ ರಕ್ತ ಹುಬ್ಬಿನ ಮೇಲೆ ಒಣಗಿತ್ತು. ಅಪ್ಪ ಅವರ ಮುಖ ನೋಡಿದ. ಇನ್ನೊಬ್ಬನ ಕೈಕೆಲಸ ಅಲ್ಲಿತ್ತು, ತನ್ನದು ಮೂಲೆಯಲ್ಲಿತ್ತು. ಪರರ ಹೆಂಡತಿಗೆ ಹೊಡೆಯುವುದು ಮಾತ್ರ ತಪ್ಪೆಂದು ನಂಬಿದ್ದ ಅವನು ಬೆಲ್ಟನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. ಅಮ್ಮ ಗೋಡೆ ಹಿಡಿದು ಎದ್ದಳು. ಅಡುಗೆಮನೆಗೆ ಹೋದಳು. ಚಮಚ ಹುಡುಕಲಿಲ್ಲ, ಎಡಗೈಯಲ್ಲಿ ಮೊಸರಿನ ಪಾತ್ರೆಯನ್ನೇ ತಂದು ಆಂಟಿಯ ಒಳ್ಳೆಯ ಕೈಗೆ ಕೊಟ್ಟಳು. ದೀಪ ಉರಿಯುತ್ತಿತ್ತು. ಲಕ್ಷ್ಮಿ ಹೋದರೆ ಹೋಗಲಿ ಎಂದು ಅವಳ ಮುಖದ ಮೇಲೇ ಬರೆದಿತ್ತು.

ಮರುದಿನ ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋದರು, ನಾನೂ ಜೊತೆಗಿದ್ದೆ. ಏನಾಯಿತೆಂದು ಡಾಕ್ಟರು ಕೇಳಿದಾಗ ಇಬ್ಬರೂ ಬಚ್ಚಲಲ್ಲಿ ಬಿದ್ದೆವೆಂದರು. "ಇಬ್ರೂ ಒಂದೇ ಬಚ್ಚಲಲ್ಲಿ ಬಿದ್ರಾ?" ಎಂದ ಆ ಪುಣ್ಯಾತ್ಮ. ಅಮ್ಮ, "ಹೌದು ಡಾಕ್ಟ್ರೇ, ಎಲ್ಲಾರ್ದೂ ಅದೇ ಬಚ್ಚಲು" ಎಂದಳು. ಆಂಟಿಗೆ ನಗು ಬಂದು, ನಕ್ಕರೆ ಪಕ್ಕೆ ನೋವಾಗಿ, ಅತ್ತರು.

ಅದರ ಮಾರನೆಯ ದಿನ ಅಪ್ಪನಿಗೆ ಎರಡು ದಿನ ರಜೆ. ಸಾರನ್ನ ಉಂಡು, ತಟ್ಟೆಯಲ್ಲಿ ಕೈಯಿಟ್ಟುಕೊಂಡು ಕಾದ. ಮೊಸರಿಲ್ಲದೆ ಅವನ ಊಟ ಮುಗಿಯುತ್ತಿರಲಿಲ್ಲ.

"ಮೊಸರಿಲ್ಲ" ಎಂದಳು ಅಮ್ಮ, ಪ್ಲಾಸ್ಟರಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು. "ಇದ್ದಿದ್ದೆಲ್ಲ ಹಿಂದಿನ ಓಣಿಗೆ ಹೋಯ್ತು. ಹೆಪ್ಪು ಬೇಕಂದ್ರೆ ಅಲ್ಲಿ ಹೋಗಿ ಕೇಳ್ಕೊಂಡು ಬನ್ನಿ. ಬಾಗಿಲಲ್ಲಿ ನಿಂತು ಕೇಳ್ಬೇಕು. ಇವಳನ್ನೂ ಕರ್ಕೊಂಡು ಹೋಗಿ."

ಎರಡು ಊಟ ಅಪ್ಪ ಹಟ ಹಿಡಿದ. ಮೂರನೆಯದಕ್ಕೆ ಎದ್ದು ನಗ್ಗಿದ ಬಟ್ಟಲು ತೆಗೆದುಕೊಂಡ. ಅವತ್ತಿನಿಂದ ಅವನು ಕೈ ಎತ್ತಲೇ ಇಲ್ಲ ಎಂದು ನಾನು ಬರೆಯಲಾರೆ, ಮತ್ತೆರಡು ಸಲ ಎತ್ತಿದ. ಎರಡು ಸಲವೂ ನಾನು ಬಟ್ಟಲು ತೆಗೆದುಕೊಂಡು ಹೊರಗೆ ಹೋಗಿ ನಿಂತೆ. ಆಂಟಿಯ ಮನೆಯಲ್ಲೂ ಹೊಡೆತ ಒಂದೇ ದಿನಕ್ಕೆ ನಿಲ್ಲಲಿಲ್ಲ. ಆದರೆ ಆ ಬಾಗಿಲಿಗೆ ಆಮೇಲೆ ಅಮ್ಮನ ಜೊತೆ ಇನ್ನಿಬ್ಬರು ಹೆಂಗಸರು ಹೋಗತೊಡಗಿದರು.

ಅವತ್ತು ಅಪ್ಪ ನನ್ನನ್ನು ಕರೆದುಕೊಂಡು ಹೋದದ್ದು ಹಗಲು ಹೊತ್ತು, ಕ್ರೇನ್ ಆಪರೇಟರ್ ಶಿಫ್ಟಿಗೆ ಹೋಗಿದ್ದ. ಆಂಟಿ ಬಾಗಿಲು ತೆರೆದರು, ಕುತ್ತಿಗೆಗೆ ತೂಗುಹಾಕಿದ ಕೈ, ಒಂದು ಕಣ್ಣು ಇನ್ನೂ ಮುಚ್ಚಿಕೊಂಡೇ ಇತ್ತು. ಅಪ್ಪ ಬಟ್ಟಲು ಮುಂದೆ ಹಿಡಿದ.

"ಒಂಚೂರು ಹೆಪ್ಪು..."

ಆಂಟಿ ಬಟ್ಟಲು ತೆಗೆದುಕೊಳ್ಳಲಿಲ್ಲ. ತೆರೆದಿದ್ದ ಒಂದೇ ಕಣ್ಣಿನಿಂದ ಅವನನ್ನೇ ನೋಡುತ್ತಾ, "ಯಾಕಣ್ಣಾ, ನಿಮ್ ಮನೇಲಿ ಏನಾಯ್ತು?" ಎಂದು ಕೇಳಿದರು.

ಅಪ್ಪ ನೆಲ ನೋಡಿದ. "ಇತ್ತು. ಬೆಕ್ಕು ಕುಡೀತು" ಎಂದ.

"ಇಲ್ಲ ಆಂಟಿ" ಎಂದೆ ನಾನು. "ನಮ್ಮನೇಲಿ ಬೆಕ್ಕೇ ಇಲ್ಲ."