ತವದ ಮೇಲಿನ ಹನಿ

ಆಗೆಲ್ಲ ನಮ್ಮ ಅಣ್ಣನ ಲಾರಿ ನಮ್ಮ ಓಣಿಯಿದ್ದ ಮೋತಿ ಡೊಂಗರ್ ಗುಡ್ಡ ಹತ್ತುವಾಗ ಸದ್ದಿಗಿಂತ ಮೊದಲು ವಾಸನೆ ಬರುತ್ತಿತ್ತು. ಕರಿದ ಎಣ್ಣೆಯ ವಾಸನೆ. ನಾವು ಓಣಿಯ ಮಕ್ಕಳೆಲ್ಲ ಹೊಗೆಯ ಹಿಂದೆ ಮೂಗರಳಿಸಿಕೊಂಡು ಓಡುತ್ತಿದ್ದೆವು. ಇವತ್ತಿನ ಎಣ್ಣೆಯಲ್ಲಿ ಏನು ಕರಿದಿದ್ದಾರೆ ಅಂತ ಹೇಳುವುದೇ ಆಟ.

"ಮಿರ್ಚಿ ಭಜಿ!"

"ಹೋಗಲೇ, ಬಾಂಗಡೆ ಮೀನ!"

ಅಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಎರಡೂ ಅಲ್ಲ, ಪುರಿ! ಉಪಾಸ ಇದ್ದಾವ್ರು ದೂರ ನಿಲ್ರಿ!" ಎಂದು ಕೂಗುತ್ತಿದ್ದ.

ನಾವು ವಿಜಾಪುರದ ಕಡೆಯವರು. ಅಪ್ಪ ಮಡಗಾಂವಿನಲ್ಲಿ ಗಾರೆ ಕೆಲಸ ಮಾಡುತ್ತಿದ್ದ. ಅಣ್ಣ ಶಿವಪ್ಪ ಒಂದು ಹಳೆಯ ಲಾರಿಯಲ್ಲಿ ಮನೆ ಕಟ್ಟುವ ಚಿರೆಕಲ್ಲು ಸಾಗಿಸುತ್ತಿದ್ದ. ಎರಡು ಸಾವಿರದ ಆರೋ ಏಳೋ ಇರಬೇಕು. ಡೀಸೆಲ್ ತುಟ್ಟಿಯಾಗಿ ಲಾರಿ ವಾರದಲ್ಲಿ ಮೂರು ದಿನ ಮನೆಯ ಮುಂದೆಯೇ ನಿಲ್ಲತೊಡಗಿತು. ಹೋಟೆಲ್‌ನವರು ಕರಿದು ಚೆಲ್ಲುವ ಎಣ್ಣೆಯಲ್ಲೂ ಎಂಜಿನ್ ಓಡುತ್ತದೆ ಎಂದು ಅಣ್ಣ ಯಾವುದೋ ಗ್ಯಾರೇಜಿನಲ್ಲಿ ಕೇಳಿಕೊಂಡು ಬಂದ.

"ಗಾಡಿಗೆ ಒಗ್ಗರಣಿ ಹಾಕ್ತೀಯೇನಲೇ? ಈ ಶಾಣ್ಯಾತನ ಭಾಳ ದಿನ ನಡಿಯಂಗಿಲ್ಲ," ಅಂದ ಅಪ್ಪ. ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು.

ಅಣ್ಣ ಲಾರಿಗೆ ಎರಡನೆಯ ಟ್ಯಾಂಕು ಕೂಡಿಸಿದ. ಮೊದಲು ಡೀಸೆಲ್‌ನಲ್ಲಿ ಚಾಲೂ ಮಾಡಿ, ಎಂಜಿನ್ ಕಾದ ಮೇಲೆ ಎಣ್ಣೆಗೆ ತಿರುಗಿಸುವುದು. ಕೋಲ್ವಾ ಬೀಚಿನ ಹೋಟೆಲ್‌ಗಳಿಂದ ಡಬ್ಬಿಗಟ್ಟಲೆ ಎಣ್ಣೆ ತಂದ. ಲಾರಿ ಓಡಿತು. ಆ ದಿನ ಅವನು ಓಣಿಯ ಮಕ್ಕಳನ್ನೆಲ್ಲ ಹತ್ತಿಸಿಕೊಂಡು ಕೆಳಗಿನ ರಸ್ತೆಯವರೆಗೂ ಸುತ್ತು ಹಾಕಿದ. ಅವನ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಮತ್ತೆ ಯಾವತ್ತೂ ನೋಡಲಿಲ್ಲ.

ಎಣ್ಣೆ ತಯಾರು ಮಾಡುವ ಕೆಲಸ ನನಗೆ ಬಂತು. ಆಗ ನನಗೆ ಹನ್ನೊಂದು ವರ್ಷ. ಹೋಟೆಲ್ ಡಬ್ಬಿಗಳಲ್ಲಿ ಮೀನು ತೊಳೆದ ನೀರು, ಐಸಿನ ನೀರು ಎಲ್ಲ ಸೇರಿರುತ್ತಿತ್ತು. ಎರಡು ದಿನ ಅಲುಗಾಡಿಸದೆ ಇಟ್ಟರೆ ನೀರು ಕೆಳಗಿಳಿಯುತ್ತದೆ. ಮೇಲಿನ ಎಣ್ಣೆಯನ್ನು ಅವ್ವನ ಹಳೆಯ ಸೀರೆಯಲ್ಲಿ ಮೂರು ಸಲ ಸೋಸಿ, ದೊಡ್ಡ ಬೋಗುಣಿಯಲ್ಲಿ ಕಾಯಿಸಬೇಕು. ಕೊನೆಗೆ ಕಾದ ತವದ ಮೇಲೆ ಒಂದು ಹನಿ ಹಾಕಬೇಕು. ಚಟಪಟ ಅಂದರೆ ಇನ್ನೂ ನೀರಿದೆ ಎಂದರ್ಥ.

"ತವಾ ಸುಳ್ಳ ಹೇಳಂಗಿಲ್ಲ ಕಸ್ತೂರಿ. ಅದು ಒದರಿದ್ರ ಆ ಎಣ್ಣಿ ನನಗ ಕೊಡಬ್ಯಾಡ," ಅಂತ ಅಣ್ಣ ಹೇಳಿಕೊಟ್ಟಿದ್ದ.

ಬೋಗುಣಿಯ ಮುಂದೆ ಕೂತು ಕೂತು ಆ ವಾಸನೆ ನನ್ನ ಕೂದಲಿಗೆ ಹತ್ತಿತು. ಐದನೆಯ ತರಗತಿಯ ಹುಡುಗಿಯರು ನನ್ನನ್ನು ಕಂಡ ಕೂಡಲೇ, "ಭಜಿ ಬಂತ ನೋಡ್ರೇ, ಚಟ್ನಿ ತರ್ರಿ!" ಅನ್ನುತ್ತಿದ್ದರು. ನನ್ನ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ.

ಶಾಲೆಯಲ್ಲಿ ಫೋಟೋ ತೆಗೆಯುತ್ತಾರೆ ಅಂದಾಗ ನಾನು ಎರಡು ದಿನ ಒಲೆಯ ಹತ್ತಿರವೇ ಹೋಗಲಿಲ್ಲ. ಫೋಟೋದ ಹಿಂದಿನ ದಿನ ಬೆಳಿಗ್ಗೆ ಅವ್ವ ಸೀಗೆಪುಡಿ ಹಾಕಿ ತಲೆ ತಿಕ್ಕಿ ತೊಳೆದಳು. ಮಧ್ಯಾಹ್ನ ಅಣ್ಣ ಹೊಸ ಡಬ್ಬಿಗಳನ್ನು ಇಳಿಸಿ, "ಮೊದಲಿನ ಎಣ್ಣಿ ತೀರೇತಿ. ನಾಳೆ ಕುಂಡಯಿಗೆ ಕಲ್ಲು ಒಯ್ಯೂದೈತಿ. ಎರಡ ದಿನ ಇಡಾಕ ವ್ಯಾಳೆ ಇಲ್ಲ, ಕೆಳಗ ನಿಂತಷ್ಟ ನೀರ ತಗದು, ಛಲೋತ್ನ್ಯಾಗ ಕಾಸು," ಅಂದ.

ನಾನು ಒಂದೇ ಒಂದು ಸಲ ಸೋಸಿದೆ. ಕಾಯಿಸಲಿಲ್ಲ. ತವ ಇಡಲಿಲ್ಲ. ಸೀರೆಯಲ್ಲಿ ಕಸ ನಿಲ್ಲುತ್ತದೆ, ನೀರು ನಿಲ್ಲುವುದಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕೂದಲು ಕಾಪಾಡಿಕೊಂಡೆ.

ಸಂಜೆ ಅಣ್ಣ, "ಆತೇನ?" ಅಂದ.

"ಆತು."

"ನಾಳೆ ಫೋಟೋದಾಗ ಹಲ್ಲ ಕಾಣಂಗ ನಗು ಮತ್ತ," ಅಂದು ನನ್ನ ಜಡೆ ಎಳೆದ.

ಮರುದಿನ ಮೊದಲನೆಯ ಸಾಲಿನಲ್ಲಿ ಹಲ್ಲು ಕಾಣುವ ಹಾಗೆ ನಕ್ಕು ನಿಂತೆ. ಫೋಟೋ ತೆಗೆದು ಅರ್ಧ ತಾಸಾಗಿರಬಹುದು, ಅಪ್ಪ ಬರಿಗಾಲಲ್ಲಿ ತರಗತಿಯ ಬಾಗಿಲಿಗೆ ಬಂದ. ಕುಂಡಯಿ ದಾರಿಯ ಬೋರಿ ಏರಿನಲ್ಲಿ, ತುಂಬಿದ ಲೋಡಿನ ಲಾರಿ ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತ್ತು. ಆ ಹಳೆಯ ಗಾಡಿಯಲ್ಲಿ ಎಂಜಿನ್ ನಿಂತರೆ ಬ್ರೇಕಿಗೂ ಬಲ ಇರುತ್ತಿರಲಿಲ್ಲ. ಅಣ್ಣ ಹ್ಯಾಂಡ್‌ಬ್ರೇಕ್ ಎಳೆದು, ಕೆಳಗೆ ಹಾರಿ, ಹಿಂದಿನ ಗಾಲಿಗೆ ಚಿರೆಕಲ್ಲು ಕೊಡಲು ಹೋಗಿದ್ದ. ಗಾಲಿ ಕಲ್ಲನ್ನೂ ಪುಡಿ ಮಾಡಿ, ಅವನ ಕಾಲ ಮೇಲೂ ಹತ್ತಿತು. ದೊಡ್ಡಾಸ್ಪತ್ರೆಯಲ್ಲಿ ಬಲಗಾಲನ್ನು ಮೊಳಕಾಲಿನಿಂದ ಕೆಳಗೆ ತೆಗೆದರು.

ನಾಲ್ಕನೆಯ ದಿನ ಗ್ಯಾರೇಜಿನ ಮೇಸ್ತ್ರಿ ಆಸ್ಪತ್ರೆಗೆ ಬಂದು, ಲಾರಿಯ ಎಣ್ಣೆ ಫಿಲ್ಟರ್ ತುಂಬ ನೀರಿತ್ತು ಎಂದ. ಅಣ್ಣ ಮಲಗಿದ್ದಲ್ಲಿಂದಲೇ ನನ್ನ ಕಡೆ ತಿರುಗಿದ.

"ತವದ ಮ್ಯಾಲ ಹಾಕಿ ನೋಡಿದ್ದಿ, ಹೌದಿಲ್ಲ ಕಸ್ತೂರಿ?"

"ನೋಡಿದ್ದೆ."

"ಒದರಲಿಲ್ಲ?"

"ಇಲ್ಲಣ್ಣಾ."

ಅವನು ಮುಖವನ್ನು ಫ್ಯಾನಿನ ಕಡೆ ತಿರುಗಿಸಿದ. ಆಮೇಲೆ, "ಹಂಗಾದ್ರ ನಾ ಮಾಡಿದ್ದ ತಪ್ಪು. ಅಪ್ಪ ಅಂದಿದ್ದ ಖರೇ ಆತು," ಅಂದ.

ಅಪ್ಪ ಸಾಯುವವರೆಗೂ ಅದನ್ನೇ ಹೇಳಿದ. "ನಿನ್ನ ಶಾಣ್ಯಾತನ ನಿನ್ನ ಕಾಲ ತಿಂತು." ಓಣಿಯವರೂ ಹಾಗೇ ಅಂದರು. ಅಣ್ಣ ಒಂದು ಸಲವೂ ಎದುರಾಡಲಿಲ್ಲ. ಲಾರಿ ಗುಜರಿಗೆ ಹೋಯಿತು. ಅವನ ಚಾಕರಿ ಮಾಡಲು ನನ್ನ ಶಾಲೆ ಬಿಡಿಸಿದರು. ಆ ಫೋಟೋ ಯಾರ ಯಾರ ಮನೆಯಲ್ಲಿದೆಯೋ, ನಾನು ನೋಡಿಲ್ಲ.

ಈಗ ನಾನು ಸಾಂಕೋಲೆಯಲ್ಲಿದ್ದೇನೆ. ಇಲ್ಲಿ ದಿನಕ್ಕೆ ನೂರಾರು ಲಾರಿ ಹೋಗುತ್ತವೆ, ಒಂದರ ಹಿಂದೆಯೂ ಮಕ್ಕಳು ಓಡುವುದಿಲ್ಲ. ಅಣ್ಣ ಹತ್ತಿರದಲ್ಲೇ ಒಂದು ಕಾರ್ಖಾನೆಯ ಗೇಟಿನಲ್ಲಿ ಕೂರುತ್ತಾನೆ. ಅಲ್ಲಿಯ ಡ್ರೈವರುಗಳು ಕರಿದ ಎಣ್ಣೆಯ ಮಾತು ತೆಗೆದರೆ, "ಅದು ನಂಬಿಗಿಲ್ಲದ್ದು, ಬ್ಯಾಡ್ರಿ," ಅನ್ನುತ್ತಾನಂತೆ. ಕಾಲು ಹೋದದ್ದಕ್ಕಿಂತ ಈ ಮಾತು ನನ್ನನ್ನು ಹೆಚ್ಚು ಸುಡುತ್ತದೆ. ಅವನ ಎಣ್ಣೆ ಸರಿ ಇತ್ತು. ಅವನ ಬುದ್ಧಿಯೂ ಸರಿ ಇತ್ತು.

ರವಿವಾರ ಅವನು ಊಟಕ್ಕೆ ಬರುತ್ತಾನೆ. ಹೋದ ವಾರ ಒಲೆಯ ಪಕ್ಕ ಗೋಡೆಗೆ ಒರಗಿ ಕೂತಿದ್ದ. ನಾನು ರೊಟ್ಟಿಗೆ ಒದ್ದೆ ಬಟ್ಟೆ ಸವರುವಾಗ ಒಂದು ಹನಿ ಜಾರಿ ತವದ ಮೇಲೆ ಬಿದ್ದು ಚಟಪಟ ಅಂದಿತು. ಅಣ್ಣ ಸಣ್ಣಗೆ ನಕ್ಕ.

"ಒಂದ ಹನಿಗೆ ಎಷ್ಟ ಒದರತೈತಿ ನೋಡು. ಆವತ್ತ ಯಾಕ ಸುಮ್ಮನ ಕುಂತಿತ್ತೋ ಏನೋ."

ನಾನು ರೊಟ್ಟಿ ಮಗುಚಿದೆ.