ಕಕ್ಕೆಮರಕ್ಕೆ ಹೇಳಿದ ಗುಟ್ಟು

ಖಾಜಾ ಪೀರ್ ಶಿವಮೊಗ್ಗ–ಭದ್ರಾವತಿ ಮಧ್ಯೆ ಬಸ್ಸು ಓಡಿಸುತ್ತಿದ್ದ. ಬಿಡುವಿನಲ್ಲಿ ಜಾದೂ ಮಾಡುತ್ತಿದ್ದ. ಮದುವೆಗೆ ಮೊದಲು ಸರ್ಕಸ್ಸಿನ ಲಾರಿಗೆ ಡ್ರೈವರ್ ಆಗಿದ್ದಾಗ ಅಲ್ಲಿನ ಮುದುಕನೊಬ್ಬನಿಂದ ಕಲಿತ ವಿದ್ಯೆ ಅದು. ಹಬ್ಬಕ್ಕೆ, ನಾಮಕರಣಕ್ಕೆ, ಭದ್ರಾವತಿಯ ನ್ಯೂ ಟೌನಿನ ಕಾರ್ಮಿಕರ ಸಭೆಗಳಿಗೆ ಕರೆ ಬರುತ್ತಿತ್ತು. ಆದರೆ ಯಾವ ಆಟ ಹೇಗೆ ಎಂಬುದನ್ನು ಮಾತ್ರ ಅವನು ಯಾರಿಗೂ ಹೇಳಿದವನಲ್ಲ, ಹೆಂಡತಿ ಗುಲ್ಷನ್‌ಗೂ ಇಲ್ಲ. ಅವಳು ಮೊದಮೊದಲು ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟಳು.

ಅವನ ಮಂತ್ರದ ಕೋಲು ನಿಜಕ್ಕೂ ಕೋಲೇ ಆಗಿರಲಿಲ್ಲ, ಒಣಗಿದ ಕಕ್ಕೆಕಾಯಿ. ಮೊಳದುದ್ದ, ಕಪ್ಪಗೆ, ದುಂಡಗೆ, ನೋಡಲು ಥೇಟ್ ಕೋಲಿನ ಹಾಗೆ. ಮಾಚೇನಹಳ್ಳಿಯಲ್ಲಿ ಬಸ್ಸು ನಿಲ್ಲುವ ಕಡೆ ಹುಲಿಗೆಮ್ಮ ಎಂಬಾಕೆಯ ಚಹದಂಗಡಿ ಇತ್ತು. ಆ ಅಂಗಡಿಯ ಪಕ್ಕದ ಕಕ್ಕೆಮರದಡಿ ಬಿದ್ದಿದ್ದ ಕಾಯಿಯನ್ನು ಎತ್ತಿ ತಂದು, ಎರಡು ತುದಿಗೂ ಬಿಳಿ ಬಣ್ಣ ಬಳಿದಿದ್ದ. ಸಾವಿರದ ಒಂಬೈನೂರ ಐವತ್ತೆಂಟರ ಬೇಸಿಗೆಯಲ್ಲಿ, ತುಂಬಿದ ಸಭೆಯಲ್ಲಿ, ಅವನು ಆ ಕೋಲನ್ನು ಮೇಜಿಗೆ ತಟ್ಟಿದಾಗ ಅದು ನಡುವೆ ಬಿರಿಯಿತು. ಬೀಜಗಳೂ ಅಂಟಂಟು ಕರೀ ಬಿಲ್ಲೆಗಳೂ ಬಿಳೀ ಕರವಸ್ತ್ರದ ಮೇಲೆ ಸುರಿದವು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಖಾಜಾ ಪೀರ್ ಕೂಡ ನಕ್ಕ, ಆದರೆ ಮನೆಗೆ ಹೋಗಿ ಊಟ ಮಾಡಲಿಲ್ಲ.

ಗಟ್ಟಿ ಕೋಲೇ ಬೇಕೆಂದು ತೀರ್ಮಾನಿಸಿ ಅವನು ಮರುದಿನ ಹುಲಿಗೆಮ್ಮನ ಹತ್ತಿರ ಆ ಮರದ ಒಂದು ಕೊಂಬೆ ಕೇಳಿದ. ಕಕ್ಕೆಯ ಕಟ್ಟಿಗೆ ಬಿಗಿ, ತೂಕದ್ದು ಎಂದು ಅವನಿಗೆ ಗೊತ್ತಿತ್ತು. ರಸ್ತೆ ಕಡೆಗೆ ಚಾಚಿದ್ದ ಒಂದು ಕೊಂಬೆಯಂತೂ ದಿನಾ ಅವನ ಬಸ್ಸಿನ ನೆತ್ತಿಯನ್ನು ಸವರುತ್ತಿತ್ತು. ಹುಲಿಗೆಮ್ಮ ಲೋಟ ತೊಳೆಯುತ್ತಲೇ ಹೇಳಿದಳು.

“ಕೊಂಬೆ ನಂದಲ್ಲ ಪೀರಣ್ಣ, ಮರದ್ದು. ಇವತ್ತು ಕೇಳಿ ಹೋಗು, ನಾಳೆ ಬಂದು ಕಡ್ಕೊ. ಯಾಕೆ ಬೇಕು ಅನ್ನೋದನ್ನ ಬಾಯಿಬಿಟ್ಟು ಹೇಳ್ಬೇಕು. ಸುಳ್ಳು ಹೇಳ್ಬಾರದು, ಅಷ್ಟೇ.”

ಅವಳ ಅಪ್ಪ ನೇಗಿಲಿಗೆ, ನೊಗಕ್ಕೆ, ತೊಟ್ಟಿಲಿಗೆ ಮರ ಕಡಿಯುತ್ತಿದ್ದವನಂತೆ. ಇಂಥದ್ದಕ್ಕೆ ಎಂದು ಹೇಳದೆ ಕೊಡಲಿ ಎತ್ತುತ್ತಿರಲಿಲ್ಲವಂತೆ. ಮರ ಒಪ್ಪಿತು ಎಂದು ಗೊತ್ತಾಗುವುದು ಹೇಗೆ ಎಂದು ಖಾಜಾ ಪೀರ್ ಕೇಳಿದ. ಅದು ತನಗೂ ತಿಳಿಯದು, ಅಪ್ಪನಿಗೂ ತಿಳಿದಿರಲಿಲ್ಲ ಎಂದಳು.

ಆ ದಿನವೆಲ್ಲ ಸ್ಟೇರಿಂಗ್ ಹಿಡಿದು ಅವನು ಅದನ್ನೇ ಯೋಚಿಸಿದ. ಯಾಕೆ ಬೇಕು? ಮಂತ್ರ ಮಾಡಲಿಕ್ಕೆ ಎಂದರೆ ಅದು ಸುಳ್ಳು. ಮಂತ್ರ ಎಂಬುದೇ ಇಲ್ಲವೆಂದು ಅವನಷ್ಟು ಚೆನ್ನಾಗಿ ಬಲ್ಲವರಿಲ್ಲ. ಹೊಟ್ಟೆಪಾಡಿಗೆ ಎನ್ನೋಣವೆಂದರೆ ಅದಕ್ಕೆ ಬಸ್ಸಿದೆ. ನಗಿಸಲಿಕ್ಕೆ ಎಂದರೆ ಅರ್ಧ ನಿಜ. ಮರ ಕೇಳುತ್ತದೆಯೆಂದು ಅವನೇನೂ ನಂಬಿರಲಿಲ್ಲ. ಆದರೂ ಹೇಳಬೇಕಾದ ನಿಜ ಯಾವುದು ಎಂಬ ಪ್ರಶ್ನೆ ಅವನನ್ನು ಬಿಡಲಿಲ್ಲ.

ರಜೆಯ ದಿನ ಮಧ್ಯಾಹ್ನ ಸೈಕಲ್ಲಿನಲ್ಲಿ ಬಂದ. ಮರದ ಬುಡಕ್ಕೆ ಒಂದು ಕೊಡ ನೀರು ಹೊಯ್ದು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ತನ್ನ ಮನೆಮಾತಾದ ದಖನಿಯಲ್ಲಿ ಶುರುಮಾಡಿದ. ಎರಡು ಮಾತಿಗೇ ನಾಲಿಗೆ ತಡವರಿಸಿತು. ಬಾಯಲ್ಲಿ ಹೇಳುವುದಕ್ಕಿಂತ ಕೈಯಲ್ಲಿ ತೋರಿಸುವುದೇ ಸುಲಭ ಎನ್ನಿಸಿ ಜೇಬಿನಿಂದ ನಾಣ್ಯ ತೆಗೆದ. ಅದು ಬೆರಳ ಸಂದಿಯಲ್ಲಿ ಹೇಗೆ ಅಡಗುತ್ತದೆ ಎಂದು ತೋರಿಸಿದ. ಒಂದು ಕಡ್ಡಿ ಎತ್ತಿಕೊಂಡು, ಬಲಗೈಯಲ್ಲಿ ಅದನ್ನು ಮೇಲೆತ್ತಿದರೆ ಎಲ್ಲರ ಕಣ್ಣೂ ಅತ್ತ ಹೋಗುತ್ತದೆ, ಅಷ್ಟರಲ್ಲಿ ಎಡಗೈ ಜೇಬಿಗೆ ಹೋಗಿ ಬರುತ್ತದೆ ಎಂದ. ಕೋಲು ಬೇಕಾಗಿರುವುದು ಇಷ್ಟಕ್ಕೇ, ಜನರ ಕಣ್ಣು ತಪ್ಪಿಸಲಿಕ್ಕೆ ಎಂದ. ಇಷ್ಟು ವರ್ಷ ಎದೆಯಲ್ಲಿ ಇಟ್ಟುಕೊಂಡಿದ್ದನ್ನು ಹೇಳಿಬಿಟ್ಟ ಮೇಲೆ ಅವನಿಗೆ ನಿಲ್ಲಿಸಲಿಕ್ಕೇ ಮನಸ್ಸಾಗಲಿಲ್ಲ. ಯಾರೂ ಕೇಳದಿದ್ದರೂ ಕರವಸ್ತ್ರದ ಆಟ, ಮೊಟ್ಟೆಯ ಆಟ ಎಲ್ಲವನ್ನೂ ಒಂದೊಂದಾಗಿ ಮಾಡಿ ತೋರಿಸಿದ. ಹುಲಿಗೆಮ್ಮ ಅಂಗಡಿಯ ಕಿಂಡಿಯಿಂದ ನೋಡುತ್ತಿದ್ದುದು ಅವನಿಗೆ ತಿಳಿಯಲಿಲ್ಲ.

ಮರುದಿನ ಕೊಂಬೆಯ ತುಂಬ ಕೆಂಜಿಗ ಹರಿಯುತ್ತಿತ್ತು. ಅವು ಇಳಿಯಲಿ ಎಂದು ಕಾದ. ತೊಗಟೆ ಸೀಳದಂತೆ ಮೊದಲು ಅಡಿಯಿಂದ, ಆಮೇಲೆ ಮೇಲಿನಿಂದ ಗರಗಸ ಹಾಕಿದ. ಹುಲಿಗೆಮ್ಮ ಕಡಿದ ಜಾಗಕ್ಕೆ ಸಗಣಿ, ಕೆಮ್ಮಣ್ಣು ಕಲಸಿ ಮೆತ್ತಿದಳು. ಅವನು ಬೊಡ್ಡೆಯ ಮೇಲೆ ಕೈಯಿಟ್ಟು “ಮೆಹರ್ಬಾನಿ” ಎಂದ.

ಕೊಂಬೆ ಒಂದು ಮಳೆಗಾಲ ಪೂರ್ತಿ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿತು. ಆಮೇಲೆ ಗಾಜಿನ ಚೂರಿನಿಂದ ಹೆರೆದು ಹೆರೆದು, ಕೊಬ್ಬರಿ ಎಣ್ಣೆ ತಿಕ್ಕಿದ. ಒಳಗಿನಿಂದ ಕೆಂಪು ಬಣ್ಣ ಎದ್ದುಬಂತು.

ಮುಂದಿನ ವರ್ಷ ನ್ಯೂ ಟೌನಿನ ಗಣಪತಿ ಚಪ್ಪರದಲ್ಲಿ ಅವನ ಆಟ. ಹೆಂಗಸರ ಕಡೆ ಗುಲ್ಷನ್ ಕೂತಿದ್ದಳು, ಪಕ್ಕದಲ್ಲೇ ಹುಲಿಗೆಮ್ಮ. ಕೋಲು ಮೇಲೆದ್ದಿತು. ಎಲ್ಲರೂ ಕೋಲು ನೋಡಿದರೆ ಹುಲಿಗೆಮ್ಮ ಮಾತ್ರ ಅವನ ಎಡಗೈ ನೋಡುತ್ತಿದ್ದಳು. ಇವಳೇಕೆ ಅತ್ತ ನೋಡುತ್ತಾಳೆ ಎಂದು ಗುಲ್ಷನ್‌ಗೆ ಕುತೂಹಲವಾಗಿ ತಾನೂ ಅತ್ತಲೇ ಕಣ್ಣಿಟ್ಟಳು. ಕರವಸ್ತ್ರ ಜೇಬಿಗೆ ಜಾರಿದ್ದು ಕಾಣಿಸಿತು. ನಿನಗೆ ಹೇಗೆ ಗೊತ್ತು ಎಂದು ಕೇಳಿದಾಗ ಹುಲಿಗೆಮ್ಮ ನಡೆದದ್ದನ್ನೆಲ್ಲ ಹೇಳಿದಳು.

ಮನೆಗೆ ಬಂದ ಮೇಲೆ ಗುಲ್ಷನ್ ಸಿಟ್ಟು ಮಾಡಲಿಲ್ಲ. ಬುರ್ಖಾ ಮಡಿಸಿಡುತ್ತಾ ಮೆಲ್ಲಗೆ ಕೇಳಿದಳು. “ಮರದ ಹತ್ರ ಹೇಳಿದ್ರಂತೆ. ನನ್ನ ಹತ್ರ ಹೇಳೋಕೆ ಏನಾಗಿತ್ತು?”

ಖಾಜಾ ಪೀರ್ ಕೋಲನ್ನು ಮೂಲೆಗೆ ಒರಗಿಸಿಟ್ಟ. ಆಮೇಲೆ ಚಾಪೆ ಬಿಡಿಸಿ, ಅದರ ಮೇಲೆ ನಾಣ್ಯವಿಟ್ಟು “ಬಾ, ಕೂತ್ಕೊ” ಎಂದ.

ಅವಳ ಬೆರಳು ಅವನ ಬೆರಳಿಗಿಂತ ಚುರುಕಾಗಿತ್ತು. ಕೈ ಜೇಬಿಗೆ ಹೋಗುವುದಕ್ಕೆ ಒಂದಿಷ್ಟು ಮುಂಚೆಯೇ ಅವನ ಎಡಭುಜ ಅಲುಗುತ್ತದೆ ಎಂದು ಕಂಡುಹಿಡಿದು ತಿದ್ದಿದವಳೂ ಅವಳೇ. ಒಂದೆರಡು ವರ್ಷದಲ್ಲಿ ಮದುವೆಮನೆಗಳಿಗೆ ಇಬ್ಬರಿಗೂ ಕರೆ ಬರತೊಡಗಿತು. ಗಂಡಸರ ಕಡೆ ಅವನು, ಹೆಂಗಸರ ಕಡೆ ಅವಳು. ಅವಳು ಕೋಲು ಹಿಡಿಯುತ್ತಿರಲಿಲ್ಲ. ಬಳೆ ಝಣ್ ಎನ್ನಿಸಿದರೆ ಸಾಕು, ಎಲ್ಲರ ಕಣ್ಣೂ ಅತ್ತ ಹೋಗುತ್ತಿತ್ತು.

ಒಮ್ಮೆ ಆಯನೂರಿನ ಮದುವೆಯಲ್ಲಿ ಪರದೆಯ ಆಚೆಯಿಂದ ಬಳೆಯ ಸದ್ದು, ಹಿಂದೆಯೇ ದೊಡ್ಡ ನಗು ಕೇಳಿಸಿತು. ಅದು ಅವನು ಕಲಿಸಿದ ಯಾವ ಆಟವೂ ಆಗಿರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಅದೇನೆಂದು ಕೇಳಿದ. ಅವಳು ಮಡಿಲಿನಿಂದ ನಿಂಬೆಹಣ್ಣು ತೆಗೆದು ಅವನ ಕೈಗಿಟ್ಟು, ಬೆರಳು ಎಲ್ಲಿರಬೇಕೆಂದು ಹೇಳಿಕೊಡತೊಡಗಿದಳು. ಶಿವಮೊಗ್ಗ ಮುಟ್ಟುವಷ್ಟರಲ್ಲಿ ಅದು ಅವನ ಕೈಯಿಂದ ಎಷ್ಟೋ ಸಲ ಜಾರಿ ಸೀಟಿನಡಿ ಉರುಳಿತ್ತು.